ಸಹಾಯ ಬೇಕು: ರಿಫ್ರ್ಯಾಕ್ಷನ್ ಸರ್ವೆಯಲ್ಲಿ ಎರಡು ತುದಿಯ ಸಮಯ ತಾಳೆಯಾಗುತ್ತಿಲ್ಲ

ನೆಲಕ್ಕೆ ಏಟು ಹಾಕಿ, ಅಲೆ ಬರುವ ಸಮಯದಿಂದ ಕೆಳಗಿನ ಪದರದ ಆಳ ಅಳೆಯುವ ಸರ್ವೆ ಇದು. 24 ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸೆನ್ಸರ್), 2 ಮೀಟರ್ ಅಂತರ, ಒಟ್ಟು 46 ಮೀಟರ್ ಲೈನ್. ಉಕ್ಕಿನ ಪ್ಲೇಟಿನ ಮೇಲೆ 8 ಕಿಲೋ ಸುತ್ತಿಗೆ, ಪ್ರತಿ ಶಾಟ್‌ಗೂ 5 ಏಟಿನ ಸ್ಟ್ಯಾಕಿಂಗ್ (ಏಟುಗಳ ದಾಖಲೆ ಒಟ್ಟು ಕೂಡಿಸುವುದು). ಮೇಲ್ಪದರದ ವೇಗ ಸೆಕೆಂಡಿಗೆ 400 ಮೀಟರ್, ಕೆಳಗಿನದು 1600. ದೂರ-ಸಮಯದ ಗ್ರಾಫಿನ ಗೆರೆ 12 ಮೀಟರಿನಲ್ಲಿ ಮುರಿಯುತ್ತದೆ, ಅಂದರೆ ಆಳ ಸುಮಾರು 4.6 ಮೀಟರ್.

ತೊಡಕು ಇರುವುದು ಇಲ್ಲಿ: 1ನೇ ಜಿಯೋಫೋನ್ ಪಕ್ಕ ಹೊಡೆದರೆ ಅಲೆ 24ನೆಯದಕ್ಕೆ 51 ಮಿಲಿಸೆಕೆಂಡಿಗೆ ಮುಟ್ಟುತ್ತದೆ, ಆ ತುದಿಯಿಂದ ಹೊಡೆದರೆ 1ನೆಯದಕ್ಕೆ 55. ಪದರ ಎಷ್ಟೇ ಓರೆಯಾಗಿರಲಿ, ಈ ಎರಡೂ ಒಂದೇ ಬರಬೇಕಲ್ಲ! ಹತ್ತಿರದ ಜಿಯೋಫೋನ್‌ಗಳ ಗೆರೆ ಎರಡೂ ಕಡೆ ಸೊನ್ನೆಯಿಂದಲೇ ಹೊರಡುತ್ತದೆ, ಹಾಗಾಗಿ ಟ್ರಿಗರ್ (ಏಟು ಬಿದ್ದ ಕ್ಷಣಕ್ಕೆ ಸಮಯದ ಎಣಿಕೆ ಶುರುಮಾಡುವ ಸ್ವಿಚ್) ಮೇಲೆ ಅನುಮಾನ ಕಡಿಮೆ. ದೂರದ ಜಿಯೋಫೋನ್‌ಗಳ ಟ್ರೇಸ್‌ಗಳಲ್ಲಿ ಗಾಳಿಯ ಗದ್ದಲ ಜಾಸ್ತಿ. ಮೊದಲ ಸಣ್ಣ ಕಂಪನ ಅದರಲ್ಲಿ ಮುಚ್ಚಿಹೋಗಿ, ಪಿಕಿಂಗ್ (ಅಲೆ ಬಂದ ಕ್ಷಣ ಗುರುತಿಸುವುದು) ತಡವಾಗಿರಬಹುದೇ? ಏಟು 20ಕ್ಕೆ ಏರಿಸಿದರೂ ಗದ್ದಲಕ್ಕೆದುರಾಗಿ ಸಿಗ್ನಲ್ ದುಪ್ಪಟ್ಟಾಗುತ್ತದೆ, ಅಷ್ಟೇ. ಅದಕ್ಕಿಂತ, ಗಾಳಿ ತಾಗದಂತೆ ಕೇಬಲ್ ಸಮೇತ ಜಿಯೋಫೋನ್ ಹೂಳುವುದೇ ವಾಸಿಯೇ?

ಇನ್ನೊಂದು: 1600 ಅಂದರೆ ಶಿಥಿಲ ಶಿಲೆಯೋ, ನೀರು ತುಂಬಿದ ಮಣ್ಣೋ? ನೀರಿನದೇ 1500ರ ಆಸುಪಾಸು. ಶಿಯರ್ ಅಲೆಗೆ (ನೆಲವನ್ನು ಅಡ್ಡಡ್ಡ ಅಲುಗಾಡಿಸುತ್ತಾ ಸಾಗುವ ಅಲೆ) ನೀರಿನ ಹಂಗಿಲ್ಲ. ಹಾಗಾಗಿ ಇದೇ ಲೈನಿನಲ್ಲಿ 4.5 ಹರ್ಟ್ಜ್ ಜಿಯೋಫೋನ್ ಹಾಕಿ, ಮೇಲ್ಮೈ ಅಲೆಗಳಿಂದ ಶಿಯರ್ ವೇಗ ತಿಳಿಯುವ ಎಂಎಎಸ್‌ಡಬ್ಲ್ಯೂ ಮಾಡಿದವರಿದ್ದರೆ, ಶಾಟ್ ಎಷ್ಟು ದೂರ ಇಟ್ಟಿರಿ ತಿಳಿಸಿ.