ಸಹಾಯ ಬೇಕು: ಅಘನಾಶಿನಿಯ ಪ್ಲೋವರ್, ತೋಟದ ನವರಂಗ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಅಲ್ವಾ, ಅಘನಾಶಿನಿ ಅಳಿವೆಗೆ ವಲಸೆ ಹಕ್ಕಿಗಳಾದ ಸ್ಯಾಂಡ್ ಪ್ಲೋವರ್‌ಗಳು ಬಂದಿಳಿದಿವೆ. ನೀರು ಇಳಿದಾಗ ಕೆಸರಿನ ಮೇಲೆ ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕೊಕ್ಕು ಹಾಕುತ್ತವೆ. ಇವುಗಳ ಎರಡು ಜಾತಿಗಳಲ್ಲಿ ಲೆಸ್ಸರ್ ಯಾವುದು, ಗ್ರೇಟರ್ ಯಾವುದು? ಗ್ರೇಟರ್‌ಗೆ ಕೊಕ್ಕು ದಪ್ಪ, ಕಾಲು ಉದ್ದ. ಅಕ್ಕಪಕ್ಕ ನಿಂತರೆ ಸರಿ, ಒಂಟಿ ಹಕ್ಕಿ ಸಿಕ್ಕರೆ ಹೇಗೆ ಗುರುತಿಸುತ್ತೀರಿ? ಈಗ ಮೈಬಣ್ಣ ಬೇರೆ ಬರೀ ಬೂದು. ಹತ್ತಿರದ ಫೋಟೊ ಇದ್ದವರು ಹಾಕಿ.

ಇನ್ನೊಂದು ವಿಷಯ. ಮನೆ ಹಿಂದಿನ ಅಡಿಕೆ ತೋಟಕ್ಕೆ ನವರಂಗ ಹಕ್ಕಿ (ಇಂಡಿಯನ್ ಪಿಟ್ಟಾ) ಬಂದಿದೆ. ಬೆಳಿಗ್ಗೆ, ಮುಸ್ಸಂಜೆ ಶಿಳ್ಳೆ ಹಾಕುತ್ತದೆ. ತರಗೆಲೆ ಕೆದಕಿ ಹುಳ ಹೆಕ್ಕುವ ಹಕ್ಕಿ, ಅದಕ್ಕೇ ಆ ಮೂಲೆ ಗುಡಿಸಲು ಬಿಟ್ಟಿಲ್ಲ. (ಅಮ್ಮನ ಗೊಣಗಾಟ ಜಾಸ್ತಿಯಾಗಿದೆ.) ಆದರೆ ಪಕ್ಕದ ಮನೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ಜಗಳವಿಲ್ಲದೆ ಅದನ್ನು ದೂರವಿಡಲು ಏನು ಮಾಡಬಹುದು?