ಈ ವರ್ಷದ ಓದಲ್ಲಿ ನಿಮಗೆ ಯಾವುದು ಉಳೀತು?

ತೀರ್ಥಹಳ್ಳಿ ಕಡೆಯವ:
ಅಡಿಕೆ ಬೇಯಿಸೋ ಹಂಡೆ ಪಕ್ಕ ಕೂತು ಓದೋದು ನನ್ನ ಚಾಳಿ. ಪುಸ್ತಕದ ಅಂಚಿಗೆಲ್ಲ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಕಲೆ, ಲೈಬ್ರರಿಯವರು ನನಗೆ ಪುಸ್ತಕ ಕೊಡೋಕೆ ಹೆದರ್ತಾರೆ. ಈ ವರ್ಷ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿ ಮತ್ತೆ ಹಿಡಿದೆ. 1967ರದ್ದು. ಕಾಲೇಜಲ್ಲಿದ್ದಾಗ ಗುತ್ತಿ, ತಿಮ್ಮಿ ಓಡಿಹೋಗೋದೇ ದೊಡ್ಡ ಕಥೆ ಅನ್ನಿಸಿತ್ತು. ಈಗ ತುಂಗೆಯ ನೆರೆಯಲ್ಲಿ ಹುಲಿಯ ಅನ್ನೋ ನಾಯಿ ಕೊಚ್ಚಿಹೋಗೋ ಜಾಗಕ್ಕೆ ಬಂದು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ನಮ್ಮನೆ ನಾಯಿ ಅಲ್ಲೇ ಬೂದಿ ಮೇಲೆ ಮಲಗಿತ್ತು. ನಿಮ್ಮದು ಹೇಳಿ, ಹೊಸದೇ ಆಗಬೇಕು ಅಂತೇನಿಲ್ಲ.

ಸಾಗರದಿಂದ:
ನಾ. ಡಿಸೋಜರ 'ದ್ವೀಪ'. ಶರಾವತಿಗೆ ಲಿಂಗನಮಕ್ಕಿ ಹತ್ರ 1964ರಲ್ಲಿ ಅಣೆಕಟ್ಟು ಆಯ್ತಲ್ಲ, ನಮ್ಮಜ್ಜನ ಗದ್ದೆ ಆ ನೀರಡಿಗಿದೆ. ಬೇಸಿಗೆಲಿ ಹಿನ್ನೀರು ಇಳಿದಾಗ ಸತ್ತ ಮರದ ಬೊಡ್ಡೆಗಳು ಕಾಣ್ತವೆ. ಅಮ್ಮನಿಗೆ ಓದಿ ಹೇಳಿದೆ. ನೀರು ಏರೋ ಭಾಗ ಬಂದ ಕೂಡ್ಲೇ "ಅದು ಗೊತ್ತು, ಮುಂದಿಂದು ಓದು" ಅಂದ್ರು. ಕಾಸರವಳ್ಳಿಯವರ ಸಿನಿಮಾನೂ ಇದೆ, ಆದ್ರೆ ಮೊದಲು ಪುಸ್ತಕ ಓದಿ.

ಶಿವಮೊಗ್ಗ ಪೇಟೆಯವಳು:
ಎಂಥ ಮಾರಾಯ್ರೇ, ಇಬ್ಬರೂ ಅಳಿಸ್ತೀರಲ್ಲ! ನಾನು ಬಸ್ಸಲ್ಲಿ ತೇಜಸ್ವಿಯವರ 'ಕರ್ವಾಲೊ' ಓದಿ ಒಬ್ಬಳೇ ನಗ್ತಿದ್ದೆ, ಕಂಡಕ್ಟರು ತಿರುಗಿ ತಿರುಗಿ ನೋಡಿದ. ಅದರಲ್ಲಿ ಬರೋ ಹಾರುವ ಓತಿಗಿಂತ ನನಗೆ ಜೇನು ಹುಡುಕೋ ಮಂದಣ್ಣನೇ ಇಷ್ಟ.

ತೀರ್ಥಹಳ್ಳಿ ಕಡೆಯವ:
ಮಂದಣ್ಣನಂಥವರು ನಮ್ಮೂರಲ್ಲಿ ಈಗಲೂ ಇದ್ದಾರೆ ಅಕ್ಕ, ಜೇನು ಕೀಳೋಕೆ ಕರೆದ್ರೆ ಮಾತ್ರ ಕೈಗೆ ಸಿಗಲ್ಲ. ಸಾಗರದವರೇ, 'ದ್ವೀಪ' ನನ್ನ ಹತ್ರ ಇಲ್ಲ. ಕೊಟ್ಟರೆ ಚೊಗರು ತಾಗಿಸದೆ ವಾಪಸ್ ಕಳಿಸ್ತೀನಿ.

ಸಾಗರದಿಂದ:
ಅದು ನಂಬೋ ಮಾತಾ? ಕೊಯ್ಲು ಮುಗೀಲಿ, ಆಮೇಲೆ ಕೊಡ್ತೀನಿ.