‘ಅಂಗವಿಕಲ’ ಬೇಡ ಅಂದ್ರೆ ಏನಂತ ಬರೀಲಿ?

ಸಂಜೆಕಾಫಿ: ನಮ್ಮ ಲೇಔಟ್ ಸಂಘದಿಂದ ರಾಜ್ಯೋತ್ಸವಕ್ಕೆ ಒಂದು ಸಂಚಿಕೆ ತರ್ತಿದೀವಿ, ಎರಡು ಲೇಖನ ತಲೆ ತಿಂತಿದಾವೆ. ಒಂದು ವೀಲ್‌ಚೇರಲ್ಲಿ ಓಡಾಡೋರ ಬಗ್ಗೆ, ಇನ್ನೊಂದು ಬಸ್‌ಸ್ಟ್ಯಾಂಡಲ್ಲಿ ರಾತ್ರಿ ಮಲಗೋರ ಬಗ್ಗೆ. ‘ಅಂಗವಿಕಲ’ ಅಂತ ಬರೆದಿದ್ದೆ, ಮಗಳು ನೋಡಿ ಅಮ್ಮಾ ಮೊದಲು ವ್ಯಕ್ತಿ ಬರ್ಬೇಕು ಆಮೇಲೆ ವೈಕಲ್ಯ, ಈಗ ಎಲ್ಲ ಕಡೆ ಹಂಗೇ ಬರೆಯೋದು ಅಂದ್ಲು. ಸರಿ ಅಂತ ‘ಅಂಗವೈಕಲ್ಯ ಇರುವ ವ್ಯಕ್ತಿ’ ಮಾಡಿದೆ, ನೋಡಿದ್ರೆ ಮತ್ತೆ ವೈಕಲ್ಯನೇ ಮುಂದೆ ಕೂತಿದೆ! ವಿಕಲಚೇತನ, ವಿಶೇಷಚೇತನ, ದಿವ್ಯಾಂಗ, ಯಾವುದು ಸರಿ? ಇನ್ನೊಂದಕ್ಕೆ ‘ನಿರ್ಗತಿಕರು’ ಅಂದ್ರೆ ನಡೆಯುತ್ತಾ?

ಮೂರುಗಾಲಿ: ಮೇಡಂ, ನನಗೆ ಪೋಲಿಯೋ, ಓಡಾಟ ಎಲ್ಲ ಮೂರು ಚಕ್ರದ ಸ್ಕೂಟರಲ್ಲಿ. ವಿಕಲ ಆಗಿರೋದು ಕಾಲು, ಚೇತನ ಚೆನ್ನಾಗೇ ಇದೆ. ಆದ್ರೂ ಸರ್ಕಾರದ ಇಲಾಖೆ ಹೆಸರಲ್ಲೇ ‘ವಿಕಲಚೇತನರ’ ಅಂತ ಇರೋದ್ರಿಂದ ಅರ್ಜೀಲಿ ಹಂಗೇ ಬರೀತೀನಿ, ಜಗಳ ಆಡೋಕೆ ಟೈಮಿಲ್ಲ. ದಿವ್ಯಾಂಗ 2015ರ ಕೊನೇಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೇಳಿದ ಮೇಲೆ ಓಡಾಡೋಕೆ ಶುರುವಾಗಿದ್ದು, ನನ್ನ ಕಾಲಲ್ಲಿ ದಿವ್ಯವಾದದ್ದು ಏನೂ ಇಲ್ಲ ಸ್ವಾಮಿ. ಇನ್ನು ಮೊದಲು ಆಮೇಲೆ ಅನ್ನೋದು ಇಂಗ್ಲಿಷಿನ ತಲೆನೋವು, ಕನ್ನಡದಲ್ಲಿ ವಿಶೇಷಣ ಯಾವಾಗ್ಲೂ ಮುಂದೇನೇ. ಆದ್ರೆ ಮಾತಾಡುವಾಗ ನಾವು ‘ಅವರಿಗೆ ಕಣ್ಣು ಕಾಣಲ್ಲ’, ‘ಅವರಿಗೆ ಕಿವಿ ಕೇಳಲ್ಲ’ ಅಂತೀವಲ್ಲ, ಅದರಲ್ಲಿ ಮನುಷ್ಯ ಮೊದಲೇ ಬಂದ್ಬಿಟ್ಟ ನೋಡಿ. ಹಂಗೇ ಬರೀರಿ.

ಗದಗಿನಾಂವ: ನಮ್ಮ ಕಡೆ ಬರ್ರಿ. ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣ್ತಿದ್ದಿಲ್ಲ, ಹಂಗಂತ ಯಾರರ ‘ಕುರುಡ’ ಅಂದದ್ದು ನಾ ಕೇಳೇ ಇಲ್ಲ, ಎಲ್ಲಾರಿಗೂ ಅವರು ಅಜ್ಜಾರು. ಆದ್ರ ಅದೇ ಬಾಯಿ ಬಸ್‌ಸ್ಟ್ಯಾಂಡಿನಾಗ ‘ಏ ಕುಂಟಾ, ಸರಿ ಆಕಡೆ’ ಅಂತೈತಿ. ಮರ್ಯಾದಿ ಅನ್ನೂದು ಆಳ್ ನೋಡಿ ಕೊಡ್ತೀವ್ರೀ ನಾವು.

ಖಾರಾಮಂಡಕ್ಕಿ: ಇದೆಲ್ಲ ಟೈಂಪಾಸ್. ಹೆಸರು ಬದಲಾಯಿಸಿದ್ರೆ ರ‍್ಯಾಂಪ್ ಬರುತ್ತಾ?

ಮೂರುಗಾಲಿ: ಬರಲ್ಲ. ಆದ್ರೆ ‘ಕುಂಟ ಬಂದ’ ಅನ್ನೋ ಆಫೀಸಲ್ಲಿ ನಿಂತು ರ‍್ಯಾಂಪ್ ಕೇಳಿ ನೋಡಿ ಒಂದ್ಸಲ, ಕೇಳಿಸ್ಕೊಳ್ಳೋರೇ ಇರಲ್ಲ.

ರಾತ್ರಿಪಾಳಿ: ನಾನು ವಾರಕ್ಕೆರಡು ರಾತ್ರಿ ಬೆಂಗಳೂರಲ್ಲಿ ವಸತಿರಹಿತರ ಆಶ್ರಯ ಕೇಂದ್ರಕ್ಕೆ ಜನರನ್ನ ಕರ್ಕೊಂಡು ಹೋಗ್ತೀನಿ. ‘ನಿರ್ಗತಿಕ’ ಅಂದ್ರೆ ಗತಿ ಇಲ್ಲದವನು, ಆದ್ರೆ ಫುಟ್‌ಪಾತಲ್ಲಿ ಮಲಗೋರಲ್ಲಿ ಗಾರೆ ಕೆಲಸದವ್ರಿದಾರೆ, ಛತ್ರದಲ್ಲಿ ಪಾತ್ರೆ ತೊಳೆಯೋರಿದಾರೆ, ಕೆಲವರಿಗೆ ರಾಯಚೂರು ಕಡೆ ಸ್ವಂತ ಮನೇನೂ ಇದೆ, ಇಲ್ಲಿ ಬಾಡಿಗೆ ಕೊಡೋಕಾಗಲ್ಲ ಅಷ್ಟೇ. ‘ಭಿಕ್ಷುಕ’ ಅಂತೂ ಬೇಡವೇ ಬೇಡ, ಅದು ಬರೀ ಬೈಗುಳ ಅಲ್ಲ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಆ ಹೆಸರು ಅಂಟಿದ್ರೆ ಹಿಡ್ಕೊಂಡು ಹೋಗಿ ಮಾಗಡಿ ರಸ್ತೆಯ ಭಿಕ್ಷುಕರ ಕಾಲೋನಿಗೆ ಹಾಕಬಹುದು. ಆ ಜಾಗದ ಅಧಿಕೃತ ಹೆಸರು ‘ನಿರಾಶ್ರಿತರ ಪರಿಹಾರ ಕೇಂದ್ರ’, ಹಂಗಾಗಿ ‘ನಿರಾಶ್ರಿತ’ ಅಂದ್ರೂ ಕೆಲವರು ಕಂಬಳಿ ಸುತ್ಕೊಂಡು ಎದ್ದು ಹೋಗ್ತಾರೆ. (ನಿಮ್ಮ ಲೇಔಟ್‌ನೋರ ಆಸ್ತಿ ತೆರಿಗೆ ರಸೀದಿ ನೋಡಿ, ಭಿಕ್ಷುಕರ ಸೆಸ್ ಅಂತ ನೂರಕ್ಕೆ 3 ರೂಪಾಯಿ ಹೋಗಿರುತ್ತೆ.) ‘ಮನೆ ಇಲ್ಲದೆ ರಸ್ತೇಲಿ ಮಲಗುವವರು’ ಅಂತ ಬರೀರಿ, ಉದ್ದ ಆದ್ರೂ ಪರವಾಗಿಲ್ಲ. ಆಮೇಲೆ ಕ್ರಿಯಾಪದ ನೋಡ್ಕೊಳ್ಳಿ. ಮೇಲೆ ‘ವ್ಯಕ್ತಿ’ ಅಂತ ಬರೆದು ಕೆಳಗೆ ‘ಮಲಗಿರ್ತಾನೆ’ ಅಂದ್ರೆ ಏನು ಬಂತು ಪ್ರಯೋಜನ?

ಸಂಜೆಕಾಫಿ: ರಾತ್ರಿಪಾಳಿಯವರೇ, ಅದನ್ನೋದಿ ನನ್ನ ಲೇಖನ ತೆಗೆದು ನೋಡಿದೆ. ಎರಡನೇ ಪ್ಯಾರಾದಲ್ಲೇ ‘ಒಂದು ಮುದುಕಿ ಮೂಲೇಲಿ ಮಲಗಿತ್ತು’ ಅಂತ ಬರೆದಿದೀನಿ, ನಮ್ಮಜ್ಜಿ ಬಗ್ಗೆ ಹಂಗೆ ಬರೀತಿದ್ನಾ? ‘ಒಬ್ಬರು ಅಜ್ಜಿ ಮಲಗಿದ್ರು’ ಅಂತ ತಿದ್ದಿದೆ. ಶೀರ್ಷಿಕೆ ಇನ್ನೂ ಆಗಿಲ್ಲ, ಪ್ರೆಸ್‌ನೋನು ಎರಡು ಸಲ ಫೋನ್ ಮಾಡ್ದ. ಸಾರಿ, ಮಾಡಿದ್ರು.